ಮನೆಗಾವಲಿನ ತಂತಿ



ವಿಜಯಪುರದ ಕೋಟೆಯೊಳಗೆ, ಪಶ್ಚಿಮ ದಿಕ್ಕಿನಲ್ಲಿ, ಉಪ್ಪಲಿ ಬುರುಜು ಎಂಬ ಗೋಪುರವೊಂದುಂಟು. ಸುಮಾರು ೧೫೮೪ರಲ್ಲಿ ಹೈದರ್ ಖಾನನೆಂಬ ಸರದಾರನು ಕಟ್ಟಿಸಿದ್ದು. ಎತ್ತರ ಸುಮಾರು ೮೦ ಅಡಿ. ಹೊರಮೈಗೆ ಸುತ್ತಿಕೊಂಡಿರುವ ಮೆಟ್ಟಿಲುಗಳನ್ನು ಹತ್ತಿ ತುದಿಯಲ್ಲಿ ನಿಂತರೆ ಊರೆಲ್ಲ ಕಣ್ಣ ಕೆಳಗೆ ಬರುತ್ತದೆ. ಊರಾಚೆಯ ಬಯಲೂ ಬಹುದೂರದವರೆಗೆ ಕಾಣುತ್ತದೆ. ಮೇಲೆ ತೋಪುಗಳಿವೆಯಾದರೂ ಅಷ್ಟು ಎತ್ತರಕ್ಕೆ ಮನುಷ್ಯನನ್ನು ಏರಿಸಿದ್ದು ಮುಖ್ಯವಾಗಿ ನೋಡುವುದಕ್ಕೆ, ನೋಡಿದ್ದನ್ನು ಕೆಳಗಿನವರಿಗೆ ತಿಳಿಸುವುದಕ್ಕೆ. ಅವನು ಕೂಗಿದ ಮೇಲೆ ಕೆಳಗಿನವರು ಏಳದಿದ್ದರೆ ಆ ೮೦ ಅಡಿ ಕಲ್ಲುಗಾರೆಯೆಲ್ಲ ವ್ಯರ್ಥ. ಈ ಹೊತ್ತು ನಾನು ವಿವರಿಸಬೇಕೆಂದಿರುವ ಯಂತ್ರವೂ ಇಂಥದೊಬ್ಬ ಕಾವಲುಗಾರನೇ. ಮನೆಯ ಕದ ಕಿಟಕಿಗಳಿಗೆ ತಂತಿ ಎಳೆದು, ಅವು ತೆರೆದಾಗ ಗಂಟೆ ಬಾರಿಸುವಂತೆ ಮಾಡುವ ಏರ್ಪಾಟು. ಪೇಟೆಯಲ್ಲಿ ಅಲಾರಂ ಎಂದು ಕೇಳಿದರೆ ಕೊಡುತ್ತಾರೆ.

ಇಂಗ್ಲಿಷ್ ಸಾಹಿತ್ಯದ ಪಾಠ ಹೇಳುವವನಿಗೆ ತಂತಿಯ ಗೊಡವೆ ಏಕೆಂದು ತಾವು ಕೇಳಬಹುದು. ನಾನು ಬೇಸಗೆಯ ರಜೆಯೊಂದರಲ್ಲಿ ಈ ಕೆಲಸವನ್ನು ನನ್ನ ಕೈಯಿಂದಲೇ ನನ್ನ ಮನೆಯಲ್ಲಿ ಮಾಡಿದೆ, ಕೆಟ್ಟದಾಗಿ ಮಾಡಿದೆ. ಆಮೇಲೆ ತಿಕೋಟಾದಾಚೆ ನನ್ನ ಅಕ್ಕನ ತೋಟದ ವಸ್ತಿಯಲ್ಲಿ ಇನ್ನೊಮ್ಮೆ ಮಾಡಿದೆ. ಎರಡರ ನಡುವೆ ಕಲಿತದ್ದನ್ನು ಹೇಳಿಬಿಟ್ಟರೆ ತಮ್ಮಲ್ಲಿ ಕೆಲವರಿಗಾದರೂ ಮೊದಲನೆಯ ಮೆಟ್ಟಿಲನ್ನು ಎಡವುವ ಶ್ರಮ ತಪ್ಪೀತು.

೨೦೨೫ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು ೫೯ ಕಿಲೋಗ್ರಾಂ ಚಿನ್ನ ಕಳುವಾದ ಸುದ್ದಿಯನ್ನು ತಾವೆಲ್ಲ ಓದಿದ್ದೀರಿ. ಜನ ಅಡವಿಟ್ಟ ಒಡವೆಗಳು. ಶನಿವಾರ, ಭಾನುವಾರ ರಜೆ. ಸೋಮವಾರ ಬಾಗಿಲು ತೆಗೆದಾಗ ಸಂಗತಿ ಹೊರಬಿತ್ತು. ಅಲ್ಲಿ ಗಂಟೆ ಇರಲಿಲ್ಲವೆ? ಇತ್ತು. ಕಳ್ಳರು ಅದನ್ನು ಮೊದಲೇ ಮೂಕವಾಗಿಸಿ, ಕ್ಯಾಮೆರಾಗಳು ಕಂಡದ್ದನ್ನು ಕೂಡಿಡುವ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿದ್ದರೆಂದು ಪೊಲೀಸರು ತಿಳಿಸಿದರು. ಮುಂದೆ ಬಂಧಿತರಾದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೊಬ್ಬರೂ ಇದ್ದರು. ಈ ಸುದ್ದಿ ಬಂದಾಗ ನಮ್ಮ ಕಾಲೇಜಿನ ವಿಶ್ರಾಂತಿ ಕೊಠಡಿಯಲ್ಲಿ, “ಅಷ್ಟು ದೊಡ್ಡ ಬ್ಯಾಂಕಿನ ಗಂಟೆಯೇ ಸುಮ್ಮನಿದ್ದ ಮೇಲೆ ನಮ್ಮ ನಿಮ್ಮ ಮನೆಯ ಗಂಟೆ ಯಾವ ಲೆಕ್ಕ?” ಎಂದು ಒಬ್ಬರು ನಕ್ಕರು. ನನಗೆ ಹಾಗೆ ತೋರಲಿಲ್ಲ. ಗಂಟೆಯ ಬಾಯಿ ಮುಚ್ಚುವುದೇ ಕಳ್ಳನ ಮೊದಲ ಕೆಲಸವಾಗುವುದಾದರೆ, ಬಾಯಿ ಮುಚ್ಚಲು ಬಂದಾಗಲೇ ಕೂಗುವ ಗಂಟೆಯನ್ನು ಕಟ್ಟುವುದು ಹೇಗೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಇದು ಹಳೆಯ ಪ್ರಶ್ನೆ. ಅಮೆರಿಕಾ ದೇಶದ ಬಾಸ್ಟನ್ ನಗರದ ಬಳಿ ಸಾಮರ್‌ವಿಲ್ ಎಂಬಲ್ಲಿದ್ದ ಅಗಸ್ಟಸ್ ರಸೆಲ್ ಪೋಪ್ ಎಂಬ ಪಾದ್ರಿಯು ೧೮೫೩ರಲ್ಲಿ ವಿದ್ಯುತ್ತಿನ ಕಳ್ಳಗಂಟೆಗೆ ಪೇಟೆಂಟು ಪಡೆದನು. ಆ ಹಕ್ಕನ್ನು ೧೮೫೭ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಕೊಂಡು, ಬಾಸ್ಟನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಅದನ್ನು ವ್ಯಾಪಾರಕ್ಕಿಟ್ಟನು. ಪೋಪನ ಏರ್ಪಾಟಿನಲ್ಲಿ ಬಾಗಿಲು ಮುಚ್ಚಿರುವಾಗ ತಂತಿಯಲ್ಲಿ ಪ್ರವಾಹವಿಲ್ಲ. ತೆರೆದರೆ ಎರಡು ತುದಿಗಳು ಕೂಡಿ, ಪ್ರವಾಹ ಹರಿದು, ಗಂಟೆ ಬಾರಿಸುತ್ತದೆ. ನಮ್ಮ ಮನೆಯ ಕರೆಗಂಟೆಯೂ ಹೀಗೆಯೇ. ಇದರ ದೋಷ ತಮಗೆ ಆಗಲೇ ಹೊಳೆದಿರಬೇಕು. ತಂತಿಯನ್ನು ಕತ್ತರಿಸಿಬಿಟ್ಟರೆ ಗಂಟೆ ಎಂದೆಂದಿಗೂ ಬಾರಿಸುವುದಿಲ್ಲ. ಕತ್ತರಿಸಿದೆ ಎಂಬುದೂ ಮನೆಯವರಿಗೆ ತಿಳಿಯುವುದಿಲ್ಲ. ಇಲಿ ಕಡಿದರೂ ಅದೇ ಗತಿ.

ಆದಕಾರಣ ಇಂದಿನ ಏರ್ಪಾಟುಗಳಲ್ಲಿ ಕ್ರಮವನ್ನು ತಿರುಗಿಸಿದ್ದಾರೆ. ಎಲ್ಲವೂ ನೆಟ್ಟಗಿರುವಾಗ ತಂತಿಯಲ್ಲಿ ಸಣ್ಣದೊಂದು ಪ್ರವಾಹ ಸದಾ ಹರಿಯುತ್ತಿರಬೇಕು. ಅದು ನಿಂತರೆ ಗಂಟೆ ಬಾರಿಸಬೇಕು. ಬಬಲೇಶ್ವರದ ಕಡೆ ಈಗ ಏತ ನೀರಾವರಿಯ ಕಾಲುವೆಗಳು ಬಂದಿವೆ. ಕಾಲುವೆಯ ತುದಿಯಲ್ಲಿರುವ ರೈತನಿಗೆ ಮೇಲೆ ಏನಾಯಿತೆಂದು ಯಾರೂ ಬಂದು ಹೇಳಬೇಕಾಗಿಲ್ಲ. ನೀರು ನಿಂತರೆ ಅವನು ಗುದ್ದಲಿ ಹೆಗಲಿಗೇರಿಸಿ ಹೊರಡುತ್ತಾನೆ. ಬಾಗಿಲು ತೆರೆಯಲಿ, ತಂತಿ ಕತ್ತರಿಸಲಿ, ಎರಡರಲ್ಲಿಯೂ ಪ್ರವಾಹ ನಿಲ್ಲುತ್ತದೆ. ಎರಡಕ್ಕೂ ಗಂಟೆ ಬಾರಿಸುತ್ತದೆ.

ಆದರೆ ಕಳ್ಳನೂ ಓದಿದವನಾಗಿರಬಹುದು. ಅವನು ತಂತಿಯನ್ನು ಕತ್ತರಿಸದೆ, ಹೋಗುವ ಎಳೆ ಬರುವ ಎಳೆಗಳೆರಡನ್ನೂ ನಡುವೆ ಸುಲಿದು ಒಂದಕ್ಕೊಂದು ಹೆಣೆದುಬಿಟ್ಟರೆ ಪ್ರವಾಹ ಅಲ್ಲಿಂದಲೇ ಹಿಂದಿರುಗುತ್ತದೆ. ಆಚೆಯ ಬಾಗಿಲು ತೆರೆದರೂ ಪೆಟ್ಟಿಗೆಗೆ ತಿಳಿಯದು. ಇದಕ್ಕೆ ಮದ್ದು ಕಾಳಿನಷ್ಟು ಗಾತ್ರದ ಒಂದು ರೆಸಿಸ್ಟರ್. ಅದನ್ನು ತಂತಿಯ ಕಟ್ಟಕಡೆಯಲ್ಲಿ, ಕೊನೆಯ ಬಾಗಿಲಿನ ಬಳಿ, ಪ್ರವಾಹದ ದಾರಿಯಲ್ಲಿಯೇ ಕೂರಿಸಬೇಕು. ಕಾಲುವೆಯ ತುದಿಯಲ್ಲಿ ಅಳತೆಯ ತೂಬು ಇಟ್ಟಂತೆ ಅದು ಕೆಲಸಮಾಡುತ್ತದೆ. ಗೊತ್ತುಮಾಡಿದಷ್ಟೇ ನೀರು ಹರಿಯುತ್ತಿದ್ದರೆ ಸುಖ. ಏನೂ ಹರಿಯದಿದ್ದರೆ ಮೇಲೆ ಯಾರೋ ತಡೆದಿದ್ದಾರೆ. ಅಳತೆಗಿಂತ ಹೆಚ್ಚು ಹರಿದರೆ ನಡುವೆ ಯಾರೋ ಏರಿ ಒಡೆದಿದ್ದಾರೆ. ನಾನು ಮೊದಲ ಸಲ ಈ ರೆಸಿಸ್ಟರನ್ನು ಸೌಕರ್ಯಕ್ಕೆಂದು ಪೆಟ್ಟಿಗೆಯ ಒಳಗೇ ಕೂರಿಸಿದ್ದೆ. ಪೆಟ್ಟಿಗೆಯ ಹಸಿರು ದೀಪವೇನೋ ಉರಿಯಿತು. ಆದರೆ ತೂಬನ್ನು ಕೆರೆಯ ಬಾಯಲ್ಲೇ ಇಟ್ಟು ಕಾಲುವೆಯನ್ನು ಕಾಯುತ್ತೇನೆ ಎಂದ ಹಾಗೆ ಅದು. ಸ್ವಂತ ಕೈಯಿಂದ ಜೋಡಿಸುವವರಲ್ಲಿ ಬಹುಮಂದಿ ಮಾಡುವ ತಪ್ಪು ಇದೇ ಎಂದು ಆಮೇಲೆ ಅಂಗಡಿಯವನು ಹೇಳಿದನು, ಮೊದಲೇ ಹೇಳಬಹುದಾಗಿತ್ತು.

ಈಗ ಬಾಗಿಲಿಗೆ ಬರೋಣ. ಕದದ ಮೇಲೆ ಒಂದು ಸಣ್ಣ ಅಯಸ್ಕಾಂತ, ಚೌಕಟ್ಟಿನ ಮೇಲೆ ಒಂದು ಗಾಜಿನ ನಳಿಗೆ. ನಳಿಗೆಯೊಳಗೆ ಕೂದಲಿನಂತಹ ಎರಡು ಲೋಹದ ಎಲೆಗಳು. ಅಯಸ್ಕಾಂತ ಹತ್ತಿರವಿದ್ದಾಗ ಕೂಡುತ್ತವೆ, ದೂರ ಸರಿದರೆ ಬಿಡುತ್ತವೆ. ೧೯೩೬ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಎಲ್‌ವುಡ್ ಎಂಬಾತನು ಕಂಡುಹಿಡಿದ ಈ ಸಾಧನಕ್ಕೆ ತುಕ್ಕಿಲ್ಲ, ಧೂಳಿನ ಭಯವಿಲ್ಲ. ಸಾಮಾನ್ಯವಾದವುಗಳಿಗೆ ಎರಡು ಸೆಂಟಿಮೀಟರಿನ ಅಂತರ ಸಾಕು. ಕಬ್ಬಿಣದ ಕದಗಳಿಗೆ ಹೆಚ್ಚು ಅಂತರ ತಡೆಯುವ ಬೇರೆ ಜಾತಿಯನ್ನೇ ಕೇಳಿ ತರಬೇಕು, ಏಕೆಂದರೆ ಕಬ್ಬಿಣವು ಅಯಸ್ಕಾಂತದ ಬಲವನ್ನು ತಾನೇ ಕುಡಿದುಬಿಡುತ್ತದೆ.

ನಮ್ಮ ಸೀಮೆಯ ಎರೆಮಣ್ಣಿನ ಗುಣವನ್ನು ಮಾತ್ರ ಯಾವ ಕೈಪಿಡಿಯೂ ಹೇಳುವುದಿಲ್ಲ. ಮಳೆ ಬಿದ್ದರೆ ಅದು ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಮನೆಯ ಚೌಕಟ್ಟುಗಳೂ ವರ್ಷಕ್ಕೆರಡು ಬಾರಿ ಸ್ವಲ್ಪ ಸ್ವಲ್ಪ ವಾಲುತ್ತವೆ. ಶ್ರಾವಣದಲ್ಲಿ ಕದ ಬಿಗಿಯಾಯಿತೆಂದು ಬಡಗಿಯನ್ನು ಕರೆಸಿ ಹತ್ತರಿ ಹೊಡೆಸುವುದು, ಮಾಘದಲ್ಲಿ ಸಂದು ಬಿತ್ತೆಂದು ಬೈಯುವುದು ನಮ್ಮಲ್ಲಿ ಮನೆಮನೆಯ ಕಥೆ. ಮೇ ತಿಂಗಳಲ್ಲಿ ನಾನು ಅಚ್ಚುಕಟ್ಟಾಗಿ ಎದುರುಬದುರು ಕೂರಿಸಿದ ಅಯಸ್ಕಾಂತವೂ ನಳಿಗೆಯೂ ಆಗಸ್ಟಿನ ಹೊತ್ತಿಗೆ ಮುಖ ತಿರುಗಿಸಿಕೊಂಡಿದ್ದವು. ಗಾಳಿಗೆ ಕದ ಸ್ವಲ್ಪ ಅಲುಗಿದರೂ ನಡುರಾತ್ರಿ ಗಂಟೆ. ಆದ್ದರಿಂದ ಅವುಗಳನ್ನು ಅಂತರದ ಎಲ್ಲೆಯಲ್ಲಿ ಕೂರಿಸದೆ, ಅರ್ಧದಷ್ಟಕ್ಕೆ ಹತ್ತಿರ ತಂದು, ತಿರುಪಿನ ತೂತನ್ನು ಉದ್ದಕ್ಕೆ ಕೊರೆದು ಕೂರಿಸತಕ್ಕದ್ದು. ಋತು ಬದಲಾದಾಗ ಸಡಿಲಿಸಿ ಸರಿಸಬಹುದು.

ಕೋಣೆಯ ಮೂಲೆಯಲ್ಲಿ ಕೂತು ಮನುಷ್ಯನ ಚಲನವನ್ನು ಗುರುತಿಸುವ ಇನ್ನೊಂದು ಸಾಧನವಿದೆ; ಮೋಷನ್ ಸೆನ್ಸರ್ ಎನ್ನುತ್ತಾರೆ. ಅದು ನಿಜವಾಗಿ ನೋಡುವುದು ಶಾಖವನ್ನು. ಗೋಡೆಯ ಶಾಖಕ್ಕೂ ಮೈಯ ಶಾಖಕ್ಕೂ ಇರುವ ವ್ಯತ್ಯಾಸ ತನ್ನ ಮುಂದೆ ಸರಿದುಹೋದರೆ ಅದು ಎಚ್ಚರಗೊಳ್ಳುತ್ತದೆ. ಚಳಿಸೀಮೆಯವರಿಗೆ ಇದು ಚೆನ್ನಾದ ಏರ್ಪಾಟು. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ತಾಪ ೪೦ ಡಿಗ್ರಿ ದಾಟುತ್ತದೆ. ಬೀಗ ಹಾಕಿದ ಮಾಳಿಗೆಯ ಮನೆಯೊಳಗೆ ಕಲ್ಲುಗೋಡೆಯೇ ಮನುಷ್ಯನ ಮೈಯಷ್ಟು ಬೆಚ್ಚಗಾಗಿ ಕೂತಿರುವಾಗ ಈ ಸಾಧನಕ್ಕೆ ಕಳ್ಳನೂ ಗೋಡೆಯೂ ಹೆಚ್ಚು ಕಡಿಮೆ ಒಂದೇ. ಮದುವೆ ಮುಂಜಿಗಳಿಗೆಂದು ಜನ ಮನೆಗೆ ಬೀಗ ಹಾಕಿ ಊರಿಗೆ ಹೋಗುವುದೂ ಆ ತಿಂಗಳುಗಳಲ್ಲಿಯೇ. ಇದಕ್ಕೆ ತದ್ವಿರುದ್ಧವಾಗಿ, ತಂಪಾದ ರಾತ್ರಿಗಳಲ್ಲಿ ಅದರ ಮುಖದ ಮೇಲೆಯೇ ಹರಿದಾಡುವ ಹಲ್ಲಿಯೊಂದು ಅದಕ್ಕೆ ಆನೆಯಂತೆ ತೋರುತ್ತದೆ. ಬಾಗಿಲು ಕಿಟಕಿಗಳ ತಂತಿಯನ್ನೇ ಮುಖ್ಯವಾಗಿ ನಂಬಿ, ಇದನ್ನು ಒಳಗಿನ ಪಡಸಾಲೆಗೆ ಒಂದು ಸಹಾಯವಾಗಿ ಮಾತ್ರ ಇಟ್ಟುಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಹಳೆಯ ಮಾಳಿಗೆಯ ಮನೆಗಳಲ್ಲಿ ಮೇಲಿನ ಬೆಳಕಿಂಡಿಯನ್ನು ಮರೆಯಕೂಡದು. ಮುಂಬಾಗಿಲಿಗೆ ಮೂರು ಬೀಗ ಹಾಕಿ ಬೆಳಕಿಂಡಿಯನ್ನು ಬರಿಯ ಹಲಗೆಯಿಂದ ಮುಚ್ಚಿರುವ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ತಂತಿಯ ದಪ್ಪದ ವಿಷಯದಲ್ಲಿ ಸ್ವಲ್ಪ ಲೆಕ್ಕ ಅವಶ್ಯ. ಬಾಗಿಲಿನ ಸಾಧನಗಳಿಗೆ ೦.೨೨ ಚದರ ಮಿಲಿಮೀಟರಿನ ತೆಳುತಂತಿ ಸಾಕು. ಸೈರನ್ನಿಗೆ ಅದು ಸಾಲದು. ಅಂಥ ತಾಮ್ರದ ತಂತಿಗೆ ಮೀಟರಿಗೆ ೦.೦೮ ಓಮ್‌ನಷ್ಟು ತಡೆಯಿರುತ್ತದೆ. ಪೆಟ್ಟಿಗೆಯಿಂದ ಮಾಳಿಗೆಯ ಮೇಲಿನ ಸೈರನ್ನಿಗೆ ೩೦ ಮೀಟರ್ ಎಂದರೆ ಹೋಗಿ ಬರಲು ೬೦ ಮೀಟರ್, ಹತ್ತಿರ ಹತ್ತಿರ ೫ ಓಮ್. ಸೈರನ್ ಅರ್ಧ ಆಂಪಿಯರ್ ಎಳೆದರೆ ೧೨ ವೋಲ್ಟಿನಲ್ಲಿ ಎರಡು, ಎರಡೂವರೆ ವೋಲ್ಟು ದಾರಿಯಲ್ಲೇ ಸವೆದು, ಗರ್ಜಿಸಬೇಕಾದದ್ದು ಕೆಮ್ಮುತ್ತದೆ. ಒಂದು ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಅರ್ಧ ವೋಲ್ಟಿಗೆ ಇಳಿಯುತ್ತದೆ. ಈ ತಂತಿಗಳನ್ನು ಮನೆಯ ೨೩೦ ವೋಲ್ಟಿನ ತಂತಿಗಳಿರುವ ಕೊಳವೆಯಲ್ಲಿ ಎಂದಿಗೂ ಸೇರಿಸಬಾರದು. ಪೆಟ್ಟಿಗೆಗೆ ಮುಖ್ಯ ವಿದ್ಯುತ್ತನ್ನು ಕೂಡಿಸುವ ಒಂದು ಕೆಲಸವನ್ನು ಲೈಸೆನ್ಸು ಉಳ್ಳ ವಿದ್ಯುತ್ ಕೆಲಸಗಾರನಿಗೇ ಬಿಡಬೇಕು. ಉಳಿದ ೧೨ ವೋಲ್ಟಿನ ಕೆಲಸದಲ್ಲಿ ನಮ್ಮಂಥವರು ಕೈಯಾಡಿಸಿದರೆ ಪ್ರಾಣಭಯವಿಲ್ಲ.

ಕರೆಂಟು ಹೋದಾಗ ನಡೆಸಲು ಬ್ಯಾಟರಿ ಬೇಕು. ೭ ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ವಾಡಿಕೆ. ಏರ್ಪಾಟೆಲ್ಲ ಸೇರಿ ೧೫೦ ಮಿಲಿ ಆಂಪಿಯರ್ ಎಳೆದರೆ ಕಾಗದದ ಲೆಕ್ಕದಲ್ಲಿ ೪೬ ಗಂಟೆ. ಹಳೆಯ ಬ್ಯಾಟರಿ ಅರ್ಧ ಕೊಟ್ಟರೆ ಪುಣ್ಯ. ಶಾಖ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬುದು ತಿಳಿದವರ ನಿಯಮ. ಆದ್ದರಿಂದ ತಗಡಿನ ಚಾವಣಿಯ ಕೆಳಗೆ ಇಡದೆ ಮನೆಯ ತಂಪಾದ ಒಳಕೋಣೆಯಲ್ಲಿ ಇಡಬೇಕು.

ಇಷ್ಟನ್ನು ನಾನು ಒಂದೊಂದಾಗಿ ಕಲಿಯುವಷ್ಟರಲ್ಲಿ ಬೀದಿಯವರಿಗೆ ಸಾಕಾಗಿಹೋಗಿತ್ತು. ಮೊದಲ ರಾತ್ರಿ ಗಂಟೆ ಬಾರಿಸಿದಾಗ ಎಂಟು ಮಂದಿ ಬಂದರು, ಕೈಯಲ್ಲಿ ಬಡಿಗೆ ಹಿಡಿದು. ಹಲ್ಲಿ ಎಂದೆ. ಎರಡನೆಯ ಸಲ ಮೂವರು. ಕದ ಅಲುಗಿತು ಎಂದೆ. ಮೂರನೆಯ ಸಲ ಪಕ್ಕದ ಮನೆಯ ಹಿರಿಯರೊಬ್ಬರೇ ಕಿಟಕಿಯಿಂದ ಇಣುಕಿದರು. ಆ ವರ್ಷವೇ ನಾವೆಲ್ಲ ಬಬಲೇಶ್ವರಕ್ಕೆ ಮದುವೆಗೆ ಹೋಗಿದ್ದೆವು. ರಾತ್ರಿ ಎರಡರ ಸುಮಾರಿಗೆ ಹಿತ್ತಲ ಬಾಗಿಲನ್ನು ಮೀಟಿ ತೆಗೆದಿದ್ದಾರೆ. ನನ್ನ ಏರ್ಪಾಟು ಆ ಹೊತ್ತಿಗೆ ಪೂರ್ತಿ ಸರಿಯಾಗಿತ್ತು. ಗಂಟೆ ಬಾರಿಸಿದೆ, ಹತ್ತು ನಿಮಿಷ ಕೂಗಿದೆ, ನಿಯಮದಂತೆ ತಾನಾಗಿ ನಿಂತಿದೆ. ಯಾರೂ ಏಳಲಿಲ್ಲ. ಬೆಳಗ್ಗೆ ಆ ಹಿರಿಯರು ತಲೆತಗ್ಗಿಸಿ, “ಸರ್, ಗಂಟಿ ಕೇಳಿಸ್ತು. ಮತ್ತ ಹಲ್ಲಿ ಇರಬೇಕಂತ ಮಗ್ಗಲ ಹೊಳ್ಳಿ ಮಲಗಿದೆ” ಎಂದರು. ಹೋದದ್ದರಲ್ಲಿ ನನ್ನ ತಾಯಿಯ ಬೋರಮಾಳ ಸರವೂ ಒಂದು. ಅವರು ಒಂದು ಮಾತೂ ಆಡಲಿಲ್ಲ; ಆ ದೀಪಾವಳಿಗೆ ಕೊರಳಿಗೆ ಬೇರೇನನ್ನೂ ಹಾಕಿಕೊಳ್ಳಲೂ ಇಲ್ಲ. ಅವರಿಗೆ ಹಿರಿಯರ ಮೇಲೆ ಸಿಟ್ಟಿರಲಿಲ್ಲ, ನನಗೂ ಇರಲಿಲ್ಲ. ಮೂರು ಸಲ ಸುಳ್ಳು ಹೇಳಿಸಿದವನು ನಾನು.

ಆಮೇಲೆ ಅಕ್ಕನ ವಸ್ತಿಯ ಸರದಿ ಬಂದಿತು. ತಿಕೋಟಾದ ಕಡೆಯ ದ್ರಾಕ್ಷಿಯ ತೋಟಗಳನ್ನು ತಾವು ಬಲ್ಲಿರಿ. ಹಣ್ಣನ್ನು ನೆರಳಿನ ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾಡಿ, ಶೀತಗೃಹಕ್ಕೆ ಸಾಗಿಸುವವರೆಗೆ ವರ್ಷದ ದುಡಿಮೆಯೆಲ್ಲ ಪೆಟ್ಟಿಗೆಗಳಲ್ಲಿ ಒಂದು ಕೋಣೆಯಲ್ಲಿ ಕೂತಿರುತ್ತದೆ. ನೆರೆಯ ವಸ್ತಿ ಅರ್ಧ ಮೈಲಿ ದೂರ. ಅಲ್ಲಿ ಬೀದಿಯ ಸೈರನ್ನಿನಿಂದ ಹೆಚ್ಚು ಪ್ರಯೋಜನವಿಲ್ಲವಾದ್ದರಿಂದ ಸಿಮ್ ಕಾರ್ಡು ಹಾಕಿ ಫೋನು ಮಾಡುವ ಜಾತಿಯ ಪೆಟ್ಟಿಗೆಯನ್ನೇ ತಂದೆವು. ಅದು ಒಂದರ ಮೇಲೊಂದರಂತೆ ನಾಲ್ಕು ಮನೆಗಳಿಗೆ ಕರೆಮಾಡುತ್ತದೆ. ಆ ಸಿಮ್ಮಿನ ಹಣ ಮುಗಿದರೆ ಪೆಟ್ಟಿಗೆ ಮೂಗ. ಇದನ್ನು ಮರೆಯುವವರೇ ಹೆಚ್ಚು. ಕರೆ ಬಂದವರು ತಾವು ಹೊರಡುವ ಮುಂಚೆ ೧೧೨ಕ್ಕೆ ತಿಳಿಸಬೇಕೆಂದೂ ಗೊತ್ತುಮಾಡಿದೆವು. ಮನೆಯಿಂದ ಶೆಡ್ಡಿಗೆ ಬಯಲಲ್ಲಿ ತಂತಿ ಎಳೆಯಲಿಲ್ಲ. ಮುಂಗಾರಿಗೆ ಮುಂಚಿನ ಸಿಡಿಲು ಅಂಥ ಉದ್ದ ತಂತಿಯನ್ನು ಹಿಡಿದು ಪೆಟ್ಟಿಗೆಯನ್ನೇ ಸುಟ್ಟುಬಿಡುತ್ತದೆ. ಮಾಲನ್ನು ಮನೆಯೊಳಗಿನ ಕೋಣೆಗೆ ತಂದುಕೊಂಡದ್ದೇ ಮೇಲಾಯಿತು. ಹಾಸಿಗೆಯ ಪಕ್ಕದಲ್ಲಿ ಒತ್ತುಗುಂಡಿಯೊಂದನ್ನೂ ಇಟ್ಟೆ. ೨೦೨೫ರ ಸೆಪ್ಟೆಂಬರಿನಲ್ಲಿ ಚಡಚಣದ ಬ್ಯಾಂಕಿನಲ್ಲಿ ಆದಂತೆ, ಜನ ಒಳಗಿರುವಾಗಲೇ ಆಯುಧ ಹಿಡಿದು ಬರುವವರಿಗೆ ಬಾಗಿಲ ತಂತಿ ಉತ್ತರವಾಗದು.

ಅಲ್ಲಿ ಕೆಲಸಮಾಡುತ್ತಿರುವಾಗ ಪರಿಚಿತರೊಬ್ಬರು ಬಂದು, “ಇಷ್ಟೆಲ್ಲ ಯಾಕ್ರೀ, ಬೇಲಿ ತಂತಿಗೆ ಕರೆಂಟ್ ಬಿಟ್ರ ಮುಗೀತಲ್ಲ?” ಎಂದರು. ಶ್ರೋತೃಗಳೆ, ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ. ಮನೆಯ ವಿದ್ಯುತ್ತನ್ನು ಬೇಲಿಗೆ ಹರಿಸುವುದು ಅಪರಾಧ. ಅದಕ್ಕೆ ಕಳ್ಳ ಯಾರು, ಮಗು ಯಾರು, ನಸುಕಿನಲ್ಲಿ ನೀರು ತಿರುಗಿಸಲು ಬಂದ ಆಳು ಯಾರು ಎಂಬುದು ತಿಳಿಯದು. ಹಂದಿಗೆಂದು ಬಿಟ್ಟ ಕರೆಂಟಿಗೆ ತೋಟದ ಒಡೆಯನೇ ಬಲಿಯಾದ ಸುದ್ದಿಗಳು ನಮ್ಮ ಪತ್ರಿಕೆಗಳಿಗೆ ಹೊಸವಲ್ಲ. ಗಂಟೆಯ ತಂತಿ ಯಾರನ್ನೂ ಕೊಲ್ಲುವುದಿಲ್ಲ. ಜನರನ್ನು ಕರೆಯುತ್ತದೆ, ಅಷ್ಟೆ.

ಗುಪ್ತಸಂಖ್ಯೆಯ ವಿಷಯದಲ್ಲಿ ಮನಗೂಳಿಯ ಪ್ರಕರಣವನ್ನು ನೆನೆದುಕೊಂಡೆ. ಒಳಗಿನ ವ್ಯವಸ್ಥೆಯನ್ನು ಬಲ್ಲವರು ಹೊರಗೆ ಹೋದಾಗಲೆಲ್ಲ ಸಂಖ್ಯೆಯನ್ನು ಬದಲಿಸಬೇಕು. ಇದರಲ್ಲಿ ಯಾರ ಮೇಲೂ ಅನುಮಾನದ ಮಾತಿಲ್ಲ, ಬಾಡಿಗೆದಾರರು ಬಿಟ್ಟಮೇಲೆ ಬೀಗ ಬದಲಿಸಿದಂತೆ. ಪೆಟ್ಟಿಗೆಯನ್ನು ಮುಂಬಾಗಿಲಿನ ಎದುರಿಗೇ ಶೋಭೆಗೆ ತೂಗುಹಾಕುವವರಿದ್ದಾರೆ. ಅದಕ್ಕೂ ಕಾವಲು ಬೇಕು; ಅದರ ಮುಚ್ಚಳವನ್ನು ತೆರೆದರೂ ಗಂಟೆಯಾಗುವಂತೆ ಒಳಗೊಂದು ಸಣ್ಣ ಸ್ವಿಚ್ಚು ಇರುತ್ತದೆ, ಅದನ್ನು ಕೂಡಿಸದೆ ಬಿಡಬಾರದು.

ಪರೀಕ್ಷೆಗೆ ಅಕ್ಕ ತಾನೇ ಒಂದು ದಿನವನ್ನು ಗೊತ್ತುಮಾಡಿದಳು. ಅಮಾವಾಸ್ಯೆಯ ದಿನ ಬೆಳಗ್ಗೆ ಎಂಟು ಗಂಟೆಗೆ ಒಂದೊಂದೇ ಕದ ತೆರೆದು ಬಾರಿಸಿ ನೋಡುತ್ತಾಳೆ. ಸಿಮ್ಮಿಗೆ ಹಣ ಹಾಕಿಸುವುದೂ ಆ ದಿನವೇ. ಎತ್ತುಗಳಿಗೆ ಬಿಡುವಿನ ದಿನವಾದ್ದರಿಂದ ಯಾರೂ ಮರೆಯುವುದಿಲ್ಲ. ಆ ಹೊತ್ತಿನಲ್ಲಿ ಕರೆ ಬಂದರೆ ಪರೀಕ್ಷೆ, ಬೇರೆ ಯಾವ ಹೊತ್ತಿನಲ್ಲಿ ಬಂದರೂ ಓಡಿಬರಬೇಕು ಎಂದು ನಾಲ್ಕೂ ವಸ್ತಿಯವರೊಡನೆ ಮಾತಾಯಿತು.

ಕಳೆದ ಶ್ರಾವಣದ ಒಂದು ರಾತ್ರಿ ಹನ್ನೊಂದು ಗಂಟೆಗೆ ಕರೆ ಹೋಯಿತು. ಎರಡು ವಸ್ತಿಗಳಿಂದ ಐದು ಮಂದಿ ಬ್ಯಾಟರಿ ದೀಪ ಹಿಡಿದು ಕೆಸರಿನಲ್ಲಿ ಬಂದರು. ಮಾಲಿನ ಕೋಣೆಯ ಕಿಟಕಿಗೆ ಚಿಲಕ ಹಾಕುವುದನ್ನು ಯಾರೋ ಮರೆತಿದ್ದರು, ಗಾಳಿಗೆ ತೆರೆದುಕೊಂಡಿತ್ತು. ಅಕ್ಕ ನಾಚಿಕೊಂಡು ಎಲ್ಲರಿಗೂ ಚುರುಮುರಿ ಕಲಸಿ ಚಹಾ ಮಾಡಿಕೊಟ್ಟಳಂತೆ. ಹೊರಡುವಾಗ ಹಿರಿಯನೊಬ್ಬನು, “ಗಾಳಿ ಬಂದ್ರೂ ಬರತೀವಿ ಯವ್ವಾ, ಚಹಾಕ್ಕ ಇನ್ನೀಟು ಸಕ್ಕರಿ ಹಾಕು” ಎಂದನಂತೆ. ಮರುದಿನ ಬೆಳಗ್ಗೆ ಅಕ್ಕ ಫೋನಿನಲ್ಲಿ ಇದನ್ನು ಹೇಳಿ, ಆ ಕಿಟಕಿಗೆ ಇನ್ನೊಂದು ಚಿಲಕ ತರಲು ನನಗೆ ಅಪ್ಪಣೆ ಮಾಡಿದಳು.